ಹನ್ನೆರಡು ನಿಮಿಷಕ್ಕೆ ನಲವತ್ತೊಂದು ಪ್ರಶ್ನೆ

ಹೆಂಡತಿ: ಪೇಪರಲ್ಲಿ ಸುತ್ತಿದ ಮಾತ್ರಕ್ಕೆ ಪೊರಕೆ ಹೂಗುಚ್ಛ ಆಗಲ್ಲ ರೀ. ಕೆಳಗಿಡಿ.

ಗಂಡ: ಪೊರಕೆ ಅಂತ ಯಾರು ಹೇಳಿದ್ದು?

ಹೆಂಡತಿ: ಅದರ ಹಿಡೀನೇ ಹೇಳ್ತಿದೆ. ನಿನ್ನೆ ಸಂಜೆ ನಾನೇ ಅಂಗಡೀಲಿ ಆರಿಸಿ ತಂದಿದ್ದು. ಕೆಂಪು ದಾರ ಸುತ್ತಿದ್ದು.

ಗಂಡ: ಕೆಂಪು ದಾರದ ಪೊರಕೆ ಊರಿಗೆಲ್ಲ ಇದೊಂದೇನಾ?

ಹೆಂಡತಿ: ಈ ತಿಂಗಳು ಈ ಮನೆಯಿಂದ ಕಾಣೆಯಾಗ್ತಿರೋ ಮೂರನೇ ಪೊರಕೆ ಅಂತೂ ಇದೊಂದೇ.

ಭಾನುವಾರ ಬೆಳಗಿನ ಒಂಬತ್ತು ಗಂಟೆ. ಗಂಡ ಒಂದು ಕಾಲಿಗೆ ಬೂಟು ಏರಿಸಿ, ಇನ್ನೊಂದು ಬೂಟನ್ನು ಕೈಯಲ್ಲಿ ಹಿಡಿದು, ಕಂಕುಳಲ್ಲಿ ಪೇಪರಿನ ಸುರುಳಿ ಅವುಚಿಕೊಂಡು ಬಾಗಿಲ ಬಳಿ ಸಿಕ್ಕಿಬಿದ್ದಿದ್ದ. ಅವನು ಊರಾಚೆಯ ಸಣ್ಣ ವಿಮಾನಗಳ ವರ್ಕ್‌ಶಾಪಿನಲ್ಲಿ ಇಂಜಿನಿಯರ್. ಬಾಗಿಲಿಗೆ ಅಡ್ಡ ನಿಂತ ಹೆಂಡತಿಯ ಸೊಂಟದ ಮೇಲೆ ಒಂದೂವರೆ ವರ್ಷದ ಮಗಳು. ಒಂದು ಕಡೆ ನಿಲ್ಲದ ಕೂಸಾದ್ದರಿಂದ ಮನೆಮಂದಿಯ ಬಾಯಲ್ಲಿ ಅವಳು ಬುಗುರಿ.

ಮಗು ಹುಟ್ಟಿದ ದಿನದಿಂದ ಹೆಂಡತಿಯ ಜೀವ ಅಂಗೈಯಲ್ಲಿತ್ತು. ಮನೆಯ ಮೇಜುಗಳ ಮೂಲೆಗೆಲ್ಲ ಸ್ಪಂಜು ಅಂಟಿಸಿದ್ದಳು. ಮೊದಲ ಪೊರಕೆ ಕಾಣೆಯಾದಾಗ ಮನೆಗೆ ಯಾರೋ ನುಗ್ಗಿದ್ದಾರೆಂದು ಬೀಗ ಬದಲಾಯಿಸಿದಳು. ಎರಡನೆಯದು ಹೋದಾಗ ಎದುರುಮನೆಯವರ ಮೇಲೆ ಕಣ್ಣು ಬಿತ್ತು.

ಹೆಂಡತಿ: ನಾಲ್ಕು ದಿನದಿಂದ ಅವರ ಹತ್ರ ಮಾತು ಬಿಟ್ಟಿದ್ದೀನಿ. ಪಾಪ, ಎದುರು ಸಿಕ್ಕಿದಾಗೆಲ್ಲ ನಗ್ತಾರೆ. ಕದ್ದೋರು ಹೀಗೇ ನಗೋದು ಅಂದ್ಕೊಂಡಿದ್ದೆ.

ಗಂಡ: ನಾಳೆ ನೀನೂ ನಕ್ಕುಬಿಡು. ಸರಿಹೋಗತ್ತೆ.

ಹೆಂಡತಿ: ಪೊರಕೆ ಎಲ್ಲಿಗೆ ಹೊರಟಿದೆ, ಅದನ್ನ ಹೇಳಿ.

ಗಂಡ: ವರ್ಕ್‌ಶಾಪಿಗೆ.

ಹೆಂಡತಿ: ಅಲ್ಲಿ ಯಾರಿಗೆ?

ಗಂಡ: ನಂಗೇ. ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ ಹಿಡ್ಕೊಂಡು ಒಂದು ಸುತ್ತು ಬರ್ಬೇಕು. ಅಷ್ಟೇ.

ಅಡುಗೆಮನೆಯಲ್ಲಿ ಬಟಾಣಿ ಸುಲಿಯುವ ಸದ್ದು ನಿಂತಿತು. ಮಡಿಲಲ್ಲಿ ತಟ್ಟೆಯಿಟ್ಟುಕೊಂಡು ಕೂತಿದ್ದ ಅತ್ತೆ ಕತ್ತು ಹೊರಗೆ ಚಾಚಿದರು.

ಅತ್ತೆ: ಏನಂದ್ಯೋ? ಗುಡಿಸೋಕೆ ಹಾಕಿದ್ದಾರಾ ನಿನ್ನ?

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಗಂಡನ ಮುಖದಲ್ಲಿ ಒಮ್ಮೆಲೇ ಆ ಸಾವಿರ ವರ್ಷದ ಕಳೆ ಬಂದದ್ದು ಹೆಂಡತಿಯ ಕಣ್ಣಿಗೆ ಬಿತ್ತು. ಗುಡಿಸೋಕೆ ಹಾಕಿದರೆಂದು ಹಿಗ್ಗುವ ಗಂಡಸನ್ನು ಅವಳು ಇದುವರೆಗೆ ಕಂಡಿರಲಿಲ್ಲ.

ಗಂಡ: ಹೂಂ ಅಮ್ಮಾ. ಎಲ್ಲರೂ ಎಲ್ಲ ಕೆಲಸ ಮಾಡ್ಬೇಕು ಅಂತ ಹೊಸದಾಗಿ ನಿಯಮ ಮಾಡಿದ್ದಾರೆ.

ಅತ್ತೆ: ಅಷ್ಟೆಲ್ಲ ಓದಿಸಿ ಕೊನೆಗೆ ಪೊರಕೆ.

ಗಂಡ: ಕೆಲಸದಲ್ಲಿ ಮೇಲು ಕೀಳು ಇಲ್ಲಮ್ಮ.

ಅತ್ತೆ: ಈ ಮಾತನ್ನ ನಿಂಗೆ ಹತ್ತು ವರ್ಷ ಆದಾಗಿಂದ ಹೇಳ್ತಾ ಬಂದಿದ್ದೀನಿ. ಆಗ ಕೇಳಿಸ್ಲಿಲ್ಲ. ಸಂಬಳ ಕೊಟ್ಟು ಹೇಳಿದ್ರೆ ಕೇಳಿಸ್ತು.

ಹೆಂಡತಿ: ಒಂದು ತಿಂಗಳಿಗೆ ಮೂರು ಪೊರಕೆ ಸವೆಸ್ತೀರಾ?

ಗಂಡ: ಹ್ಯಾಂಗರ್ ದೊಡ್ಡದು ಕಣೇ. ವಿಮಾನ ನಿಲ್ಸೋ ಜಾಗ ಅಂದ್ರೆ ಸುಮ್ನೇನಾ?

ಹೆಂಡತಿ: ನಮ್ಮನೆ ಚಿಕ್ಕದು. ಗುಡಿಸಿ ತೋರ್ಸಿ.

ಗಂಡ: ಈಗ್ಲಾ?

ಅತ್ತೆ: ತೋರ್ಸೋ. ಕಣ್ಣಿರುವಾಗ್ಲೇ ನೋಡ್ಬಿಡ್ತೀನಿ.

ಬೇರೆ ದಾರಿ ಇರಲಿಲ್ಲ. ಒಂಟಿ ಬೂಟಿನಲ್ಲೇ ಅವನು ಅಡುಗೆಮನೆಗೆ ಬಂದ. ಪೇಪರು ಬಿಚ್ಚಿದ. ಪೊರಕೆಯನ್ನು ಎದೆಯ ಮಟ್ಟಕ್ಕೆ ಎತ್ತಿ, ಕತ್ತಲಲ್ಲಿ ದೀಪ ಹಿಡಿದವರ ಹಾಗೆ ಮುಂದಕ್ಕೆ ಚಾಚಿ, ಬೆಕ್ಕಿನ ಹೆಜ್ಜೆ ಇಡುತ್ತಾ ನಡೆದ. ನೆಲದ ಕಡೆ ಕಣ್ಣೇ ಹೋಗಲಿಲ್ಲ. ಒಲೆಯ ಹತ್ತಿರ ನಿಂತ. ಪೊರಕೆಯ ತುದಿಯನ್ನು ಒಲೆಯ ಮುಂದೆ ಮೆಲ್ಲಗೆ ಆಡಿಸಿದ, ಕಾದ, ತುಟಿಯಲ್ಲೇ ಏನೋ ಎಣಿಸಿ ಮುಂದೆ ಹೋದ. ಕಾಲಡಿಯಲ್ಲಿ ಬಟಾಣಿ ಸಿಪ್ಪೆ ಚಿಟಿಚಿಟಿ ಎಂದಿತು.

ಅತ್ತೆ: ಕಸ ಕೆಳಗಿದೆ ಕಣೋ.

ಗಂಡ: ಅಲ್ಲಿಗೇ ಬರ್ತಿದ್ದೀನಿ.

ಹೆಂಡತಿ: ಗಾಳೀಲಿ ಏನು ಹುಡುಕ್ತಿದ್ದೀರಿ?

ಗಂಡ: ಜೇಡರಬಲೆ.

ಹೆಂಡತಿ: ಜೇಡರಬಲೆ ಮುಂದೆ ನಿಂತು ಒಂದು ಎರಡು ಮೂರು ಎಣಿಸ್ತಾರಾ? ನಿಮ್ಮ ತುಟಿ ನೋಡ್ತಿದ್ದೆ ನಾನು.

ಅವನು ಪೊರಕೆ ಕೆಳಗಿಳಿಸಿದ. ಎರಡು ವಾರದ ಅಭ್ಯಾಸ. ಸುಳ್ಳು ಹೇಳಲು ಬಾಯಿ ಒಪ್ಪಿದ್ದರೂ ಕೈ ಒಪ್ಪಿರಲಿಲ್ಲ.

ಗಂಡ: ಬೆಂಕಿ.

ಹೆಂಡತಿ: ಎಲ್ಲಿ?

ಗಂಡ: ಇಲ್ಲಿಲ್ಲ. ಅಲ್ಲಿ. ಅಲ್ಲೂ ಇಲ್ಲ. ಇದ್ರೆ ಗೊತ್ತಾಗ್ಲಿ ಅಂತ.

ಹೆಂಡತಿ: ಬೆಂಕಿ ಇದ್ರೆ ಕಾಣಲ್ವಾ?

ಗಂಡ: ಈ ಬೆಂಕಿ ಕಾಣಲ್ಲ.

ಅತ್ತೆ: ಕಾಣದೇ ಉರಿಯೋದು ನಮ್ಮ ನೆಂಟರ ಹೊಟ್ಟೆ ಒಂದೇ ಅಂದ್ಕೊಂಡಿದ್ದೆ.

ಗಂಡ: ಹೈಡ್ರೋಜನ್ ಅಮ್ಮಾ. ಅದು ಹತ್ಕೊಂಡ್ರೆ ಹಗಲು ಬೆಳಕಲ್ಲಿ ಉರಿ ಕಣ್ಣಿಗೆ ಕಾಣಲ್ಲ. ಹೊಗೆ ಇಲ್ಲ, ವಾಸನೆ ಇಲ್ಲ. ಅದಕ್ಕೇ ಪೊರಕೆ ಮುಂದೆ ಹಿಡ್ಕೊಂಡು ಹೋಗೋದು. ಉರಿ ಇದ್ರೆ ಮೊದಲು ಪೊರಕೆ ತುದಿ ಹತ್ಕೊಳ್ಳತ್ತೆ, ನಾವು ಹಿಂದೆ ಸರೀತೀವಿ.

ಹೆಂಡತಿ ಬುಗುರಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಮಗು ಅವಳ ಮೂಗು ಹಿಡಿದೆಳೆದು ಬಿಡಿಸಿಕೊಳ್ಳಲು ನೋಡಿತು.

ಹೆಂಡತಿ: ಅಂದ್ರೆ ಅಷ್ಟು ಓದಿದ ಜನ ಸೇರಿ, ಕಂಪ್ಯೂಟರ್ ಎಲ್ಲ ಇಟ್ಕೊಂಡು, ಕೊನೆಗೆ ನನ್ನ ಪೊರಕೆ ನಂಬ್ಕೊಂಡಿದ್ದೀರಿ.

ಗಂಡ: ಸೆನ್ಸರ್ ಎಂಟು ಇದೆ ಕಣೇ. ಪೊರಕೆ ಒಂಬತ್ತನೇದು. ಸೆನ್ಸರ್ ಕೆಟ್ರೆ, ನಾನು ಕೆಟ್ಟಿದ್ದೀನಿ ಅಂತ ಬಾಯಿ ಬಿಟ್ಟು ಹೇಳಲ್ಲ, ಪೊರಕೆ ಕೆಡೋದೇ ಇಲ್ಲ ಅಂತಾರೆ ವರ್ಕ್‌ಶಾಪ್ ನಡೆಸೋ ನಮ್ಮ ಮೇಡಂ. ಪ್ಲಾಸ್ಟಿಕ್‌ದು ಆಗಲ್ಲ, ಸುರುಟಿಕೊಳ್ಳತ್ತೆ. ಹುಲ್ಲಿಂದೇ ಬೇಕು. ನೀನು ಆರಿಸೋ ಪೊರಕೆ ಕಡ್ಡಿ ಉದುರಲ್ಲ ಅಂತ ವರ್ಕ್‌ಶಾಪಲ್ಲೆಲ್ಲ ಹೆಸರಾಗಿದೆ.

ಹೆಂಡತಿ: ಹೊಗಳಿದ್ರೆ ಬಿಟ್ಬಿಡ್ತೀನಿ ಅಂದ್ಕೊಂಡ್ರಾ?

ಗಂಡ: ಇಲ್ಲ. ಸ್ವಲ್ಪ.

ಹೆಂಡತಿ: ನೀವು ಕರೆಂಟಿನ ವಿಮಾನ ಅಂದಿದ್ರಿ. ಆರು ತಿಂಗಳಿಂದ ಕರೆಂಟಿನ ವಿಮಾನ, ಕರೆಂಟಿನ ವಿಮಾನ ಅಂತ ಹೇಳ್ಕೊಂಡು ಬಂದಿದ್ದೀರಿ.

ಗಂಡ: ಕರೆಂಟಿಂದೇ. ರೆಕ್ಕೆ ಮುಂದೆ ಫ್ಯಾನ್ ತಿರುಗಿಸೋದು ಕರೆಂಟ್ ಮೋಟರ್ರೇ. ಆ ಕರೆಂಟ್ ಮಾತ್ರ ಹೈಡ್ರೋಜನ್ನಿಂದ ಬರತ್ತೆ. ಫ್ಯೂಯಲ್ ಸೆಲ್ ಅಂತ ಒಂದು ಪೆಟ್ಟಿಗೆ. ಒಂದು ಕಡೆಯಿಂದ ಹೈಡ್ರೋಜನ್ ಬಿಡ್ತೀವಿ, ಇನ್ನೊಂದು ಕಡೆಯಿಂದ ಗಾಳಿ. ಎರಡೂ ಒಳಗೆ ಸೇರ್ತವೆ. ಕರೆಂಟ್ ಹುಟ್ಟತ್ತೆ, ನೀರು ಉಳಿಯತ್ತೆ.

ಅತ್ತೆ: ಮದುವೆ ಥರಾನೇ. ಮೊದಲು ಕರೆಂಟು, ಆಮೇಲೆ ಕಣ್ಣಲ್ಲಿ ನೀರು.

ಹೆಂಡತಿ: ಎಂಟನೇ ಕ್ಲಾಸಲ್ಲಿ ಗಾಜಿನ ಕೊಳವೆ ಬಾಯಿಗೆ ಉರಿಯೋ ಕಡ್ಡಿ ಹಿಡಿದ್ರೆ 'ಪಟ್' ಅಂತಿತ್ತಲ್ಲ, ಅದೇ ತಾನೆ ಇದು?

ಗಂಡ: ಅದೇ. ಆದ್ರೆ ನಾವು ಕಡ್ಡಿ ಹಿಡಿಯಲ್ಲ.

ಹೆಂಡತಿ: ಬೆರಳುದ್ದದ ಕೊಳವೆಗೆ ಕ್ಲಾಸಿಗೆ ಕ್ಲಾಸೇ ಬೆಂಚು ಬಿಟ್ಟು ಎದ್ದಿತ್ತು. ನಿಮ್ಮ ವಿಮಾನದಲ್ಲಿ ಎಷ್ಟಿರತ್ತೆ?

ಗಂಡ: ಎರಡು ಕೆಜಿ.

ಹೆಂಡತಿ: ಎರಡೇನಾ?

ಎರಡು ಕೆಜಿ ಎಂದರೆ ಸಕ್ಕರೆಯ ಎರಡು ಪೊಟ್ಟಣ. ಅವಳು ಅರ್ಧ ಉಸಿರು ಬಿಟ್ಟಳು. ಗಂಡ ಅಲ್ಲಿಗೇ ಸುಮ್ಮನಿರಬಹುದಿತ್ತು. ಆದರೆ ಕೆಲಸದ ಮೇಲಿನ ಪ್ರೀತಿ ಬಾಯಿಗೆ ಬೀಗ ಹಾಕಗೊಡುವುದಿಲ್ಲ.

ಗಂಡ: ಹೊರಗೆ ಬಿಟ್ರೆ ಈ ಅಡುಗೆಮನೆ ನೆಲದಿಂದ ಸೂರಿನವರೆಗೂ ತುಂಬತ್ತೆ. ನಾವು ಅದನ್ನ ಒತ್ತಿ ಒತ್ತಿ ಇಷ್ಟುದ್ದದ ಸಿಲಿಂಡರಲ್ಲಿ ತುಂಬ್ತೀವಿ.

ಹೆಂಡತಿ: ಸೂಟ್‌ಕೇಸ್ ಮೇಲೆ ಹತ್ತಿ ಕೂತು ಜಿಪ್ ಎಳೀತಾರಲ್ಲ, ಹಾಗಾ?

ಗಂಡ: ಸಿಲಿಂಡರ್ ಗಟ್ಟಿ ಇರತ್ತೆ ಕಣೇ. ಎರಡು ಕೆಜಿ ಅನಿಲಕ್ಕೆ ನಲವತ್ತು ಕೆಜಿ ಸಿಲಿಂಡರ್. ಲೋಕದಲ್ಲಿ ಅದಕ್ಕಿಂತ ಹಗುರದ್ದು ಇಲ್ಲ, ಹೊತ್ಕೊಂಡು ಹೋಗೋಕೆ ಅದಕ್ಕಿಂತ ಭಾರದ್ದೂ ಇಲ್ಲ.

ಅತ್ತೆ: ನಮ್ಮ ಬುಗುರೀನ ಹೊರಗೆ ಕರ್ಕೊಂಡು ಹೋಗೋ ಹಾಗೆ. ಕೂಸು ಹತ್ತು ಕೆಜಿ, ಇವಳ ಚೀಲ ಹದಿನೈದು.

ಹೆಂಡತಿ: ಅತ್ತೆ, ಹೋದ ಸಲ ಆ ಚೀಲದಲ್ಲಿ ನಿಮ್ಮ ಎರಡನೇ ಕನ್ನಡಕಾನೂ ಇತ್ತು. ಬೇಕಾಯ್ತು ತಾನೆ?

ಅತ್ತೆ: ಬೇಕಾಯ್ತು. ಹುಡುಕೋಕೆ ಮೊದಲನೇ ಕನ್ನಡಕ ಹಾಕ್ಕೋಬೇಕಾಯ್ತು.

ಹೆಂಡತಿ ಮಾತನ್ನು ಮತ್ತೆ ಗಂಡನ ಕಡೆ ತಿರುಗಿಸಿದಳು.

ಹೆಂಡತಿ: ನನ್ನ ಮೊದಲೆರಡು ಪೊರಕೆ ಹತ್ಕೊಂಡು ಹೋದ್ವಾ?

ಗಂಡ: ಒಂದು ಕಡ್ಡೀನೂ ಹತ್ಕೊಂಡಿಲ್ಲ. ಒಂದು ಸಿಲಿಂಡರ್ ತುಂಬೋ ಶೆಡ್ಡಲ್ಲಿದೆ. ಇನ್ನೊಂದು ಹ್ಯಾಂಗರಲ್ಲಿ.

ಹೆಂಡತಿ: ಇದು?

ಗಂಡ: ಇದು ರನ್‌ವೇ ಪಕ್ಕಕ್ಕೆ. ವಿಮಾನ ಇಳಿದ ಮೇಲೆ ಅದರ ಹತ್ರ ಹೋಗ್ಬೇಕಲ್ಲ.

ಅಂದವನೇ ನಾಲಗೆ ಕಚ್ಚಿಕೊಂಡ. ತಡವಾಗಿತ್ತು.

ಹೆಂಡತಿ: ಏರಿದ್ರೆ ತಾನೆ ಇಳಿಯೋದು?

ಗಂಡ: ಹೂಂ.

ಹೆಂಡತಿ: ಯಾವತ್ತು ಏರತ್ತೆ?

ಗಂಡ: ಗುರುವಾರ. ಬರೀ ಹನ್ನೆರಡು ನಿಮಿಷ. ಮೈದಾನದ ಮೇಲೆ ಮೂರು ಸುತ್ತು.

ಹೆಂಡತಿ: ಯಾರು ಹಾರ್ಸೋದು?

ಗಂಡ: ಪೈಲಟ್ ಇದ್ದಾನೆ. ತುಂಬ ಒಳ್ಳೆ ಹುಡುಗ.

ಹೆಂಡತಿ: ಅವನೊಬ್ಬನೇನಾ?

ಗಂಡ: ಸೀಟು ಎರಡಿದೆ. ಮೀಟರ್ ನೋಡ್ಕೊಳ್ಳೋಕೆ ಒಬ್ಬರು ಬೇಕಾಗತ್ತೆ.

ಹೆಂಡತಿ: ಆ ಒಬ್ಬರು ಯಾರು?

ಗಂಡ: ಬುಗುರಿ ಹಾಲು ಕುಡಿದ್ಲಾ?

ಅತ್ತೆ: ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ನೋಡು.

ಹೆಂಡತಿ ಪಕ್ಕದ ಕುರ್ಚಿಯ ಮೇಲೆ ಕೂತಳು. ಗುರುವಾರಕ್ಕೆ ನಾಲ್ಕು ದಿನ. ಮೈದಾನದ ಮೇಲೆ ಚುಕ್ಕೆಯಷ್ಟು ವಿಮಾನ, ಅದರೊಳಗೆ ಈ ಮನುಷ್ಯ, ಅವನ ಬೆನ್ನಿಗೆ ಆ ಸಿಲಿಂಡರು. ಬುಗುರಿ ಜಾರಿಕೊಂಡು ಕೆಳಗಿಳಿದು ಬಟಾಣಿ ಸಿಪ್ಪೆಯತ್ತ ಹೋದದ್ದೂ ಅವಳ ಗಮನಕ್ಕೆ ಬರಲಿಲ್ಲ.

ಗಂಡ: ಏನಾದ್ರೂ ಹೇಳು.

ಹೆಂಡತಿ: ಯಾವಾಗ ಹೇಳ್ಬೇಕು ಅಂತಿದ್ರಿ? ಇಳಿದ ಮೇಲಾ?

ಗಂಡ: ನಿಂಗೆ ಹೇಳದೆ ಹಾರೋ ಹಾಗೇ ಇಲ್ಲ. ಮೇಡಂ ಕಟ್ಟುನಿಟ್ಟು. ಪರೀಕ್ಷೆ ಹಾರಾಟಕ್ಕೆ ಹೋಗೋರು ಮನೆಯವರ ಹತ್ರ ಒಂದು ಹಾಳೆ ತುಂಬಿಸ್ಕೊಂಡು ಬರ್ಬೇಕು.

ಬ್ಯಾಗಿನ ತಳದಿಂದ ನಾಲ್ಕು ಮಡಿಕೆಯ ಹಾಳೆಯೊಂದು ಹೊರಗೆ ಬಂತು. 'ಮನೆಯವರ ಪ್ರಶ್ನೆಗಳು' ಎಂಬ ತಲೆಬರಹ. ಮನೆಯವರು ತಮಗಿರುವ ಅನುಮಾನಗಳನ್ನೆಲ್ಲ ಬರೆಯಬೇಕು. ಹಾರುವವರು ಪಕ್ಕದಲ್ಲಿ ತಮ್ಮ ಕೈಯಾರೆ ಉತ್ತರ ಬರೆಯಬೇಕು. ಸಮಾಧಾನವಾದರೆ ಮನೆಯವರು ಕೆಳಗೆ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಸೀಟು ಇಲ್ಲ. ಹಾಳೆ ಖಾಲಿ ಇರಲಿಲ್ಲ. ಹೆಂಡತಿ ಗಟ್ಟಿಯಾಗಿ ಓದತೊಡಗಿದಳು.

ಹೆಂಡತಿ: 'ಪ್ರಶ್ನೆ ಒಂದು. ವಿಮಾನದ ಬಣ್ಣ ಯಾವುದು? ಉತ್ತರ: ಬಿಳಿ, ನೀಲಿ ಪಟ್ಟೆ. ಪ್ರಶ್ನೆ ಎರಡು. ಮೇಲಿನಿಂದ ನಮ್ಮ ಮನೆ ಕಾಣುತ್ತದೆಯೇ? ಉತ್ತರ: ಕಾಣುವುದಿಲ್ಲ. ಪ್ರಶ್ನೆ ಮೂರು. ಊಟಕ್ಕೆ ಎಷ್ಟು ಹೊತ್ತಿಗೆ ಬರುತ್ತೀರಿ? ಉತ್ತರ: ಒಂದು ಗಂಟೆಗೆ. ಪ್ರಶ್ನೆ ನಾಲ್ಕು. ಬೇರೆ ಏನಾದರೂ ಅನುಮಾನ ಇದೆಯೇ? ಉತ್ತರ: ಇಲ್ಲ.' ಯಾರು ಬರೆದಿದ್ದು ಇದನ್ನ?

ಗಂಡ: ನೀನು.

ಹೆಂಡತಿ: ನಾನಾ?

ಗಂಡ: ನಿನ್ನ ಪರವಾಗಿ ನಾನು.

ಅತ್ತೆ ತಟ್ಟೆಯನ್ನು ಪಕ್ಕಕ್ಕಿಟ್ಟು, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಹೆಂಡತಿಗೆ ಇಷ್ಟು ಹೊತ್ತು ಹೆದರಿಕೆಯಾಗಿದ್ದದ್ದು ಈಗ ಸಿಟ್ಟಾಯಿತು.

ಹೆಂಡತಿ: ಮೋಸ ಮಾಡಿದ್ದನ್ನ ಬೇಕಾದ್ರೆ ಆಮೇಲೆ ನೋಡ್ಕೋತೀನಿ. ಇಷ್ಟು ಕಳಪೆಯಾಗಿ ಮಾಡಿದ್ದೀರಲ್ಲ ರೀ. ಜ್ವರದ ಔಷಧಿ ಬಾಟಲಿ ಮೇಲಿನ ಸಣ್ಣಕ್ಷರ ಓದೋಕೆ ಭೂತಗನ್ನಡಿ ಕೊಂಡವಳು ನಾನು. ನಾನು ವಿಮಾನದ ಬಣ್ಣ ಕೇಳ್ತೀನಾ? 'ಬೇರೆ ಅನುಮಾನ ಇದೆಯೇ? ಇಲ್ಲ' ಅಂತೆ. ಐದು ವರ್ಷ ಸಂಸಾರ ಮಾಡಿದ್ದೀರಿ, ಅನುಮಾನ ಇಲ್ಲ ಅಂತ ನನ್ನ ಬಾಯಲ್ಲಿ ಒಂದು ದಿನ ಕೇಳಿದ್ದೀರಾ?

ಗಂಡ: ಮೇಡಂಗೂ ಅದೇ ಅನುಮಾನ ಬಂತು. ಕೆಳಗೆ ಕೆಂಪು ಇಂಕಲ್ಲಿದೆ ನೋಡು.

ಹೆಂಡತಿ: 'ಇದನ್ನು ನಿನ್ನ ಹೆಂಡತಿ ಬರೆದಿಲ್ಲ. ಆಕೆ ಹೋದ ವರ್ಷ ನನಗೆ ಫೋನ್ ಮಾಡಿ, ನಿಮ್ಮ ಕ್ಯಾಂಟೀನಿನ ನೀರಿನ ಟ್ಯಾಂಕಿಗೆ ಮುಚ್ಚಳ ಇದೆಯೇ, ಅದು ಸರಿಯಾಗಿ ಕೂರುತ್ತದೆಯೇ ಎಂದು ಕೇಳಿದ್ದರು. ಹೊಸ ಹಾಳೆ ತೆಗೆದುಕೊಂಡು ಹೋಗು.' ಸದ್ಯ, ಅವರಾದ್ರೂ ನನ್ನ ಗುರುತು ಹಿಡಿದ್ರಲ್ಲ. ಹೊಸ ಹಾಳೆ ಎಲ್ಲಿ?

ಗಂಡ: ಬ್ಯಾಗಲ್ಲಿದೆ. ಹನ್ನೊಂದು ದಿನದಿಂದ.

ಹೆಂಡತಿ: ತೆಗೀರಿ. ಕೂತ್ಕೊಳ್ಳಿ. ಮೊದಲನೇ ಪ್ರಶ್ನೆ. ಏನಾದ್ರೂ ಆದ್ರೆ ಸಿಲಿಂಡರ್ ಮುಚ್ಚೋ ತಿರುಗಣಿ ಎಲ್ಲಿದೆ?

ಗಂಡ: ಸೀಟಿನ ಎಡಗಡೆ, ಮಂಡಿ ಪಕ್ಕ.

ಹೆಂಡತಿ: ಬೆಲ್ಟ್ ಬಿಗಿದ ಮೇಲೆ ಕೈಗೆ ಎಟುಕತ್ತಾ? ಬುಗುರಿ ಕುರ್ಚಿ ಬೆಲ್ಟ್ ಹಾಕಿದ್ರೆ ಅವಳಿಗೆ ತಟ್ಟೆ ಎಟುಕಲ್ಲ.

ಗಂಡ: ಎಟುಕತ್ತೆ. ಬೇಕಾದ್ರೆ ಕಟ್ಟಿ ನೋಡು.

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದೆಂದರೆ ಇದೇ. ಎರಡು ನಿಮಿಷದಲ್ಲಿ ಸ್ನಾನದ ಟವೆಲೊಂದು ಅವನ ಸೊಂಟವನ್ನೂ, ಇನ್ನೆರಡು ಅವನ ಹೆಗಲುಗಳನ್ನೂ ಊಟದ ಕುರ್ಚಿಗೆ ಬಿಗಿದವು. ಗಂಟು ಹಾಕಿದವರು ಅತ್ತೆ. ಎಡಗಡೆ ಅಡುಗೆಮನೆಯ ಕೆಳಗಿನ ಖಾನೆ. ಅದರ ಹಿಡಿಯೇ ತಿರುಗಣಿ ಎಂದಾಯಿತು.

ಗಂಡ: ನೋಡು, ಎಟುಕ್ತು. ಆದ್ರೆ ತೆಗೆಯೋಕೆ ಆಗ್ತಿಲ್ಲ.

ಹೆಂಡತಿ: ಮಗು ತೆಗೀಬಾರ್ದು ಅಂತ ನಾನು ಹಾಕ್ಸಿರೋ ಚಿಲಕ ಅದು. ನಿಮ್ಮ ವಿಮಾನದ ತಿರುಗಣಿಗೆ ಇಂಥದ್ದು ಇದೆಯಾ?

ಗಂಡ: ಇಲ್ಲ.

ಹೆಂಡತಿ: ಮತ್ತೆ ಮಗು ಬಂದು ತಿರುಗಿಸಿದ್ರೆ?

ಗಂಡ: ವಿಮಾನದಲ್ಲಿ ಮಗು ಇರಲ್ಲ ಕಣೇ.

ಹೆಂಡತಿ: ಹಾಗಂತ ಬರೀರಿ.

ಬಲಗೈ ಬಿಡುವಾಗಿತ್ತು. ಬರೆದ. ಆಮೇಲೆ ಪ್ರಶ್ನೆಗಳು ಒಂದರ ಬಾಲ ಹಿಡಿದು ಒಂದು ಬಂದವು.

ಹೆಂಡತಿ: ಆ ಕರೆಂಟಿನ ಪೆಟ್ಟಿಗೆ ಹಾರ್ತಾ ಇರುವಾಗ್ಲೇ ಕೈಕೊಟ್ರೆ?

ಗಂಡ: ಬ್ಯಾಟರಿ ಇದೆ. ಹತ್ತು ನಿಮಿಷ ಎಳೆಯತ್ತೆ.

ಹೆಂಡತಿ: ಬ್ಯಾಟರೀನೂ ಕೈಕೊಟ್ರೆ?

ಗಂಡ: ವಿಮಾನ ಕಲ್ಲಿನ ಹಾಗೆ ಬೀಳಲ್ಲ. ರೆಕ್ಕೆ ಇದೆಯಲ್ಲ, ಹದ್ದಿನ ಹಾಗೆ ತೇಲ್ಕೊಂಡು ಇಳಿಯತ್ತೆ. ಕೆಳಗೆ ಮೈದಾನಾನೇ.

ಹೆಂಡತಿ: ಮೈದಾನದಲ್ಲಿ ಯಾರಾದ್ರೂ ನಿಂತಿದ್ರೆ?

ಗಂಡ: ಅವತ್ತು ಯಾರನ್ನೂ ಬಿಡಲ್ಲ.

ಹೆಂಡತಿ: ಅನಿಲ ಸೋರಿದ್ರೆ?

ಗಂಡ: ಅದು ಮೇಲಕ್ಕೇ ಓಡೋ ಜಾತಿ. ಸಿಲಿಂಡರ್ ಇಡೋ ಜಾಗದ ಮೇಲ್ಗಡೆ ಕಂಡಿ ಬಿಟ್ಟಿದ್ದೀವಿ, ಹೊರಗೆ ಹೋಗ್ಬಿಡತ್ತೆ.

ಅತ್ತೆ: ಆ ಉಳಿಯೋ ನೀರು ಕುಡೀಬಹುದಾ?

ಗಂಡ: ಕುಡೀಬಹುದಮ್ಮ, ಶುದ್ಧವಾದ ನೀರು.

ಹೆಂಡತಿ: ಕುದಿಸದೇನಾ?

ಗಂಡ: ಅದನ್ನೂ ಬರೀಬೇಕಾ?

ಹೆಂಡತಿ: ಬರೀರಿ. ಹದಿನೇಳನೇದು. ಆ ನೀರು ಮೇಲಿಂದ ಎಲ್ಲಿಗೆ ಬೀಳತ್ತೆ? ಯಾರಾದ್ರೂ ಬಟ್ಟೆ ಒಣಗ್ಹಾಕಿದ್ರೆ?

ಇಪ್ಪತ್ತಾದವು, ಮೂವತ್ತಾದವು. ಹಕ್ಕಿ ಅಡ್ಡ ಬಂದರೆ, ಪೈಲಟ್‌ಗೆ ಸೀನು ಬಂದರೆ, ಕಿಟಕಿಗೆ ಮಂಜು ಕಟ್ಟಿದರೆ. ಮೂವತ್ತೇಳನೆಯದು ಹಾರುವ ಮುಂಚೆ ಬಾತ್‌ರೂಮಿಗೆ ಹೋಗುತ್ತೀರಾ ಎಂಬುದು. ಗಂಡ ಒಂದಕ್ಕೂ ತಡವರಿಸಲಿಲ್ಲ. ಕೆಲವಕ್ಕೆ ಪೊರಕೆಯ ಕಡ್ಡಿಯಿಂದ ಗಾಳಿಯಲ್ಲಿ ಚಿತ್ರ ಬರೆದು ತೋರಿಸಿದ. ಈ ಮನುಷ್ಯನಿಗೆ ಮನೆಯ ಕೊಡೆ ಎಲ್ಲಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಆದರೆ ಆ ವಿಮಾನದ ಒಂದೊಂದು ತಿರುಪು ಯಾವ ಕಡೆ ತಿರುಗುತ್ತದೆಂದು ಗೊತ್ತಿತ್ತು. ನಲವತ್ತು ಮುಗಿಸಿದಾಗ ಅವಳು ನಲವತ್ತೊಂದಕ್ಕೆ ತಡಕಾಡಿದಳು. ಸಿಗಲಿಲ್ಲ. ಎದೆಯ ಮೇಲಿನ ಭಾರ ಪೂರ್ತಿ ಇಳಿಯದಿದ್ದರೂ ಉಸಿರಾಡುವಷ್ಟು ಜಾಗ ಬಿಟ್ಟಿತ್ತು. ಕಣ್ಣು ಮುಚ್ಚಿ, ತೆರೆದು, ಸಹಿ ಹಾಕಿದಳು.

ಗಂಡ: ಏನು ಮಾಡ್ದೆ?

ಹೆಂಡತಿ: ಸಹಿ.

ಗಂಡ: ಯಾಕೆ?

ಹೆಂಡತಿ: ಯಾಕೆ ಅಂದ್ರೆ? ನೀವೇ ತಾನೆ ಹಾಳೆ ಕೊಟ್ಟಿದ್ದು?

ಗಂಡ: ಅಲ್ಲ, ಸ್ವಲ್ಪ ಯೋಚನೆ ಮಾಡೇ. ಬುಗುರೀನ ಜಾರುಬಂಡೆ ಹತ್ತೋಕೆ ಬಿಡಲ್ಲ. ಬಲೂನ್ ಕೊಡ್ಸೋಕೆ ಬಿಡಲ್ಲ. ನನ್ನನ್ನ ಹೀಗೆ ಒಂದೇ ಏಟಿಗೆ ಬಿಟ್ಬಿಟ್ಟೆಯಲ್ಲ.

ಟವೆಲುಗಳೊಳಗೆ ಅವನು ಸಣ್ಣಗಾಗಿದ್ದ. ಹೆಂಡತಿ ಅವನ ಮುಖವನ್ನು ಔಷಧಿ ಬಾಟಲಿ ಓದುವ ಹಾಗೆ ಓದಿದಳು.

ಹೆಂಡತಿ: ನಾನು ಬೇಡ ಅನ್ಲಿ ಅಂತ ಕಾಯ್ತಿದ್ರಾ?

ಗಂಡ: ನೀನು ದಿನಾ ನನ್ನ ಬ್ಯಾಗ್ ನೋಡ್ತೀಯ, ಕೊಡೆ ಇದೆಯಾ ನೀರಿದೆಯಾ ಅಂತ. ಹಾಳೆ ಸಿಗತ್ತೆ, ರಂಪ ಮಾಡ್ತೀಯ, ಹೆಂಡತಿ ಬಿಡಲ್ಲ ಅಂತ ಹೇಳ್ಬಹುದು ಅಂದ್ಕೊಂಡೆ. ಈ ಹನ್ನೊಂದು ದಿನ ನೀನು ತಳದವರೆಗೆ ನೋಡಲೇ ಇಲ್ಲ.

ಅತ್ತೆ: ಥೇಟು ಅಪ್ಪನೇ. ಅವರೂ ಅಷ್ಟೇ, ತಮಗೆ ಇಷ್ಟ ಇಲ್ಲದ್ದಕ್ಕೆಲ್ಲ 'ನಮ್ಮನೇಲಿ ಒಪ್ಪಲ್ಲ' ಅಂತಿದ್ರು. ನಾನು ಒಪ್ಪದ ವಿಷಯ ಎಷ್ಟಿದೆ ಅಂತ ಜನ ಹೇಳಿದ ಮೇಲೆ ನಂಗೆ ಗೊತ್ತಾಗಿದ್ದು.

ಹೆಂಡತಿ: ಮತ್ತೆ ಆ ನಾಲ್ಕು ಪ್ರಶ್ನೆ ಯಾಕೆ ಬರೆದಿದ್ದು?

ಗಂಡ: ಆಗ ಧೈರ್ಯ ಇತ್ತು. ಮೇಡಂ ವಾಪಸ್ ಕೊಟ್ರಲ್ಲ, ಆವತ್ತಿಂದ ನೀನು ನಿಜವಾಗ್ಲೂ ಏನೇನು ಕೇಳ್ತಿದ್ದೆ ಅಂತ ಯೋಚನೆ ಮಾಡೋಕೆ ಶುರು ಮಾಡ್ದೆ. ಅಲ್ಲಿಗೆ ಧೈರ್ಯ ಹೋಯ್ತು.

ಹೆಂಡತಿ: ಉತ್ತರ ಎಲ್ಲ ನಿಮಗೆ ಗೊತ್ತಿತ್ತಲ್ಲ.

ಗಂಡ: ಉತ್ತರ ಗೊತ್ತಿದ್ರೆ ಭಯ ಹೋಗತ್ತೆ ಅಂತ ಯಾರು ಹೇಳಿದ್ದು?

ಇದು ಅವಳು ಆಡಬೇಕಾಗಿದ್ದ ಮಾತು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅವಳಿಗೆ ನಗು ಬಂತು, ಅದರ ಬೆನ್ನಿಗೇ ಪಾಪ ಅನಿಸಿತು. ಅವನ ಹಣೆಯ ಬೆವರನ್ನು ಹೆಗಲ ಮೇಲಿನ ಟವೆಲಿನ ತುದಿಯಲ್ಲೇ ಒರೆಸಿದಳು.

ಹೆಂಡತಿ: ಬೇಡ ಅನ್ಸಿದ್ರೆ ಹೋಗ್ಬೇಡಿ. ನಿಮ್ಮನ್ನ ಯಾರೂ ಎತ್ಕೊಂಡು ಹೋಗಿ ಕೂರ್ಸಲ್ಲ. ಆದ್ರೆ ಹೆಂಡತಿ ಬಿಡಲಿಲ್ಲ ಅಂತ ಮಾತ್ರ ಹೇಳ್ಬೇಡಿ. ಬಿಟ್ಟಿದ್ದೀನಿ, ಸಹಿ ಇದೆ. ಇಗೋ, ನಲವತ್ತೊಂದನೇದು ಸಿಕ್ತು. ನಿಮಗೆ ಭಯ ಆಗ್ತಿದೆಯಾ? ಬರೀರಿ.

ಗಂಡ: ಇದನ್ನ ಬರೆದ್ರೆ ಮೇಡಂ ನನ್ನನ್ನ ಕೂರ್ಸಲ್ಲ.

ಹೆಂಡತಿ: ಅದು ಅವರು ತೀರ್ಮಾನ ಮಾಡ್ಲಿ.

ಗಂಡ ಅರೆಗಳಿಗೆ ಯೋಚಿಸಿದ. ಸಿಕ್ಕಿಬಿದ್ದವನಿಗೆ ಹಿತ್ತಲ ಬಾಗಿಲು ಕಂಡಂತಾಗಿತ್ತು. 'ಆಗ್ತಿದೆ' ಎಂದು ದುಂಡಗೆ ಬರೆದು, ಅಡಿಗೆರೆ ಎಳೆದು, ಈಗಲೇ ಮೇಡಂಗೆ ಫೋನ್ ಮಾಡು ಎಂದ. ಅವರೂ ಪೈಲಟ್ಟೂ ಇವತ್ತು ವರ್ಕ್‌ಶಾಪಿನಲ್ಲೇ ಇದ್ದರು. ಹೆಂಡತಿ ಫೋನನ್ನು ಸ್ಪೀಕರಿಗೆ ಹಾಕಿ ಅವನ ಬಾಯಿಯ ಹತ್ತಿರ ಹಿಡಿದಳು.

ಮೇಡಂ: ಎಷ್ಟು ಪ್ರಶ್ನೆ ಬಂತು?

ಗಂಡ: ನಲವತ್ತೊಂದು ಮೇಡಂ.

ಮೇಡಂ: ಹಾಂ, ಇದು ನಿನ್ನ ಹೆಂಡತೀದೇ. ಕೊನೇದು ಓದು.

ಗಂಡ: 'ನಿಮಗೆ ಭಯ ಆಗ್ತಿದೆಯಾ? ಉತ್ತರ: ಆಗ್ತಿದೆ.' ಅದಕ್ಕೇ ಮೇಡಂ, ನನ್ನ ಬದಲು ಬೇರೆ ಯಾರನ್ನಾದ್ರೂ—

ಮೇಡಂ: ಸದ್ಯ. ನಂಗೆ ನಿದ್ದೆ ಬರತ್ತೆ ಇನ್ನು. ವಿಮಾನದ ಬಣ್ಣ ಬರ್ಕೊಂಡು ಬಂದವನನ್ನ ಮೀಟರ್ ಮುಂದೆ ಕೂರ್ಸೋದು ಹೇಗಪ್ಪಾ ಅಂತ ಯೋಚನೆ ಆಗಿತ್ತು. ಹೆದರಿದವನು ಮೀಟರಿಂದ ಕಣ್ಣು ತೆಗೆಯಲ್ಲ. ಗುರುವಾರ ಏಳಕ್ಕೆ ಬಾ.

ಗಂಡ: ಮೇಡಂ, ಸ್ವಲ್ಪ ಭಯ ಅಲ್ಲ. ಜಾಸ್ತೀನೇ ಇದೆ.

ಮೇಡಂ: ಇನ್ನೂ ಒಳ್ಳೇದು. ನಿನ್ನ ಹೆಂಡತಿ ಅಲ್ಲೇ ಇದ್ದಾರಾ?

ಹೆಂಡತಿ: ಇದ್ದೀನಿ ಮೇಡಂ.

ಮೇಡಂ: ನಿಮ್ಮಿಂದ ಒಂದು ಉಪಕಾರ ಆಗ್ಬೇಕಮ್ಮ. ನಮ್ಮ ಪೈಲಟ್ ಹಾಳೆ ಖಾಲಿ ಇದೆ. ಮದುವೆ ಆಗಿಲ್ಲ, ಅಪ್ಪ ಅಮ್ಮ ಇಲ್ಲ. ಮನೇಲಿ ಒಂದು ಬೆಕ್ಕಿದೆ. ಅದು ಏನೂ ಕೇಳಲ್ಲ. ಅವನಿಗೂ ಒಬ್ಬರು ಮನೆಯವರು ಬೇಕು.

ಹೆಂಡತಿ ಆಗಲೇ ಹಳೆಯ ಹಾಳೆಯನ್ನು ಮಗುಚಿ, ಹಿಂದಿನ ಖಾಲಿ ಬದಿಯ ಮೇಲೆ 'ಒಂದು' ಎಂದು ಬರೆದಾಗಿತ್ತು.

ಹೆಂಡತಿ: ಕೊಡಿ ಅವನಿಗೆ ಫೋನ್. ಹಲೋ, ನಾನು ಎರಡನೇ ಸೀಟಿನ ಹೆಂಡತಿ. ನೀವು ಕಣ್ಣು ಪರೀಕ್ಷೆ ಮಾಡ್ಸಿದ್ದು ಯಾವಾಗ?

ಪೈಲಟ್: ಹೋದ ತಿಂಗಳು ಅಕ್ಕಾ.

ಹೆಂಡತಿ: ಎರಡೂ ಕಣ್ಣಾ?



ಪೈಲಟ್: ಎರಡೂ ಅಕ್ಕಾ. ಇನ್ನೂ ಎಷ್ಟಿದೆ? ಎಲ್ಲ ಫೋನಲ್ಲೇ ಹೇಳ್ಬೇಕಾ?

ಹೆಂಡತಿ: ಫೋನಲ್ಲಿ ಬೇಡಪ್ಪ, ಮನೆಗೇ ಬಾ. ಇನ್ನೊಂದು ಕುರ್ಚಿ ಖಾಲಿ ಇದೆ. ಅತ್ತೆ, ಒಗೆದಿಟ್ಟ ಟವೆಲ್ ಇನ್ನೂ ಮೂರು ಸಿಗತ್ತಾ ನೋಡಿ.